ಎಡ ರೆಕ್ಕೆಯ ಭಾರ

ನಮ್ಮ ಕಾಕಾ ಜೀವಮಾನದಲ್ಲಿ ಒಮ್ಮೆಯೂ ವಿಮಾನ ಹತ್ತಿದವರಲ್ಲ. ಆದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ಎಲ್ಲ ತಾಲೂಕುಗಳನ್ನು ಸೇರಿಸಿ ಅತಿ ಹೆಚ್ಚು ವಿಮಾನ ಕೆಡವಿದವರು ಯಾರು ಎಂದು ಯಾರಾದರೂ ಬಹುಮಾನ ಇಟ್ಟರೆ, ಅದು ಬೇರೆಯವರ ಪಾಲಾಗಲು ನಾನು ಬಿಡುವವಳಲ್ಲ! ಹಾನಗಲ್ಲಿನ ಭತ್ತದ ಗದ್ದೆಯಲ್ಲಿ ಒಂದನ್ನು ಮೂಗು ಹೂಳಿ ನಿಲ್ಲಿಸಿದ್ದಾರೆ. ಅಬಲೂರಿನ ಕಡೆ ಜೋಳದ ಹೊಲದಲ್ಲಿ ಬಿದ್ದದ್ದು ಕೊಯ್ಲಿನ ತನಕ ಸಿಗಲೇ ಇಲ್ಲ. ಇನ್ನೊಂದು ಹೆದ್ದಾರಿ ಪಕ್ಕದ ಧಾಬಾದ ತಗಡಿನ ಮೇಲೆ ಇಳಿದಿತ್ತು. ಧಾಬಾದವನು ಏಣಿ ಹಾಕಿ ಚೂರುಗಳನ್ನು ಇಳಿಸಿಕೊಟ್ಟು, "ಸಾವ್ಕಾರ್ರ, ಮುಂದಿನ ಸಲ ಬರೂ ಮುಂದ ಒಂದ್ ಫೋನ್ ಮಾಡ್ರಿ, ಜಾಗಾ ಹಿಡದ ಇಡ್ತೇನಿ" ಎಂದನಂತೆ.

ಆಟದ ಸಾಮಾನು ಎಂದು ತಿಳಿದೀರಿ, ಜೋಕೆ! ಆ ಮಾತು ಕೇಳಿದರೆ ಕಾಕಾ ಊಟದ ತಾಟಿನಿಂದಲೂ ಎದ್ದು ಹೋಗುತ್ತಾರೆ. ನಿಜವಾದ ವಿಮಾನದ ಕಾಲು ಭಾಗದ ಅಳತೆ. ಹಗುರ ಕಟ್ಟಿಗೆಯ ಎಲುಬು, ಅದರ ಮೇಲೆ ಬಿಗಿದ ಬಟ್ಟೆ, ಮೂಗಿನಲ್ಲಿ ಪೆಟ್ರೋಲ್ ಎಂಜಿನ್ನು. ರೆಕ್ಕೆ ಜೋಡಿಸಿ ನಿಲ್ಲಿಸಿದರೆ ನನಗಿಂತ ಉದ್ದ. ನೆಲದ ಮೇಲೆ ನಿಂತು, ಕೈಯಲ್ಲಿ ರಿಮೋಟು ಹಿಡಿದು ಹಾರಿಸಬೇಕು. ಶಿಗ್ಗಾಂವಿ ಪೇಟೆಯಲ್ಲಿ ಅಜ್ಜನ ಕಾಲದಿಂದ ನಮ್ಮದು ಕಾಳುಕಡಿಯ ದಲಾಲಿ ಅಂಗಡಿ. ಅದರ ಮೇಲಿನ ಮಾಳಿಗೆಯಲ್ಲಿ ಗೋವಿನಜೋಳದ ಚೀಲ ಇರಬೇಕಾದ ಕಡೆ ವಿಮಾನಗಳು ತೂಗಾಡುತ್ತಿರುತ್ತವೆ. ನಮ್ಮ ಕಾಕು, ಅಂದರೆ ಕಾಕಾನ ಹೆಂಡತಿ, ಬಂದವರಿಗೆಲ್ಲ ಹೇಳುತ್ತಾಳೆ: "ಮಾಳಿಗ್ಯಾಗ ಇಲಿ ಕಾಟ ನಿಂತ ಹೋತ್ ನೋಡ್ರಿ. ಈ ಮನಿಯಾಗ ತಿನ್ನೂ ಸಾಮಾನ ಬರಂಗಿಲ್ಲ ಅಂತ ಅವಕ್ಕೂ ತಿಳದೈತಿ."

ಮೊದಲು ಕಾಕಾ ಬಂಕಾಪುರದ ಬಯಲಿನಲ್ಲಿ ಹಾರಿಸುತ್ತಿದ್ದರು. ಅಲ್ಲಿ ಕೋಟೆಯ ಸುತ್ತ ನವಿಲುಗಳ ರಾಜ್ಯ. ಒಂದು ದಿನ ಗಾರ್ಡ್ ಒಬ್ಬ ಬಂದು ಕೈ ಮುಗಿದ.

"ಸಾವ್ಕಾರ್ರ, ಇಲ್ಲಿ ಬ್ಯಾಡ್ರಿ. ನವಿಲು ಬೆದರ್ತಾವ."

"ಯಾಕ? ಅವೂ ಹಾರ್ತಾವ, ಇದೂ ಹಾರ್ತೈತಿ."

"ಅವು ಇಳೀತಾವ್ರಿ. ನಿಮ್ದು ಬೀಳ್ತೈತಿ."

ಕಾಕಾ ಗಂಟು ಕಟ್ಟಿಕೊಂಡು ಸವಣೂರಿನ ಆಚೆಯ ಒಂದು ಬೀಳು ಹೊಲಕ್ಕೆ ಹೊರಟುಬಿಟ್ಟರು.

ನಗಬೇಡಿ ಅನ್ನುವುದಿಲ್ಲ, ನಾನೂ ನಕ್ಕಿದ್ದೇನೆ. ಊರೇ ನಗುತ್ತಿತ್ತು. ನಿಜ ಹೇಳಬೇಕೆಂದರೆ ಊರಿನಲ್ಲಿ ಕಾಕಾಗೆ ಗಿರಾಕಿಗಳಿದ್ದರು, ನೆಂಟರಿದ್ದರು, ಗೆಳೆಯ ಅಂತ ಒಬ್ಬನೂ ಇರಲಿಲ್ಲ. ರೆಕ್ಕೆಯ ಮಾತು ತೆಗೆದರೆ ಸಾಕು, ಎದುರಿನವರಿಗೆ ಏನೋ ಕೆಲಸ ನೆನಪಾಗುತ್ತಿತ್ತು. ಗೆಳೆಯರು ಸಿಕ್ಕಿದ್ದು ಫೋನಿನೊಳಗೆ. ದೇಶದ ಮೂಲೆ ಮೂಲೆಯ ಇಂಥದೇ ಹುಚ್ಚರದೊಂದು ಗುಂಪು. ಅಲ್ಲಿ ಒಂದು ಕಟ್ಟುನಿಟ್ಟಾದ ಪದ್ಧತಿ. ಯಾವ ಭಾಗ ಮಾಡಿದರೂ ತಕ್ಕಡಿಯ ಮೇಲಿಟ್ಟು ಫೋಟೋ ಹಾಕಬೇಕು. ವಿಮಾನಕ್ಕೆ ಭಾರವೇ ವೈರಿ. ಮೂರು ತಲೆಮಾರಿನಿಂದ ತಕ್ಕಡಿ ಹಿಡಿದ ಮನೆತನದವರಿಗೆ ಇದಕ್ಕಿಂತ ಸ್ವರ್ಗ ಬೇಕೆ? ಕಾಕಾ ಮೊಳೆ ತೂಗಿದರು, ಬಣ್ಣ ತೂಗಿದರು, ಅಂಟು ಹಚ್ಚುವ ಮುಂಚೆ ಒಮ್ಮೆ, ಒಣಗಿದ ಮೇಲೆ ಒಮ್ಮೆ ತೂಗಿದರು. ಯಾರಾದರೂ ಒಂದು ಹನಿ ಅಂಟು ಹೆಚ್ಚಿಗೆ ಹಾಕಿದ ಫೋಟೋ ಕಂಡರೆ ಮುಗಿಯಿತು. "ಅಂಟು ಹಚ್ಚೋ ಅಂದ್ರ ಹುಗ್ಗಿ ಬಡಸ್ಯಾನ ನೋಡ್ ಮಗಾ! ಇದೇನ್ ವಿಮಾನೋ, ಮದವಿ ಊಟನೋ?" ಎಂದು ಇಲ್ಲಿ ಕೂತು ಕೂಗಾಡಿ, ಅದನ್ನೇ ತಮ್ಮ ಪೇಟೆ ಹಿಂದಿಗೆ ಇಳಿಸಿ ಗುಂಪಿಗೆ ಕಳಿಸುತ್ತಿದ್ದರು. ಹೊಸಬರು ಕಾಕಾನ ಹೆಸರು ಕಂಡರೇ ನಡುಗುತ್ತಿದ್ದರಂತೆ.

ನಡುಗದವರು ಒಬ್ಬರೇ. ಅಸ್ಸಾಮಿನ ಒಂದು ಚಹಾ ತೋಟದ ಊರಿನಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಗುಂಪಿನಲ್ಲಿ ಎಲ್ಲರೂ ಅವರನ್ನು ದಾದಾ, ಅಂದರೆ ಅಣ್ಣ, ಎನ್ನುತ್ತಿದ್ದರು. ಕಾಕಾ ಬೈದರೆ ದಾದಾ ಒಂದು ನಗುವ ಮುಖ ಕಳಿಸುತ್ತಿದ್ದರು. ಮತ್ತೆ ಬೈದರೆ ಎರಡು. ಹೀಗೆ ಬೈದು ಬೈದು ಗೆಳೆತನ ಬೆಳೆಯಿತು. ದಿನಾ ಬೆಳಿಗ್ಗೆ ಅಂಗಡಿಯ ಕದ ತೆರೆಯುವ ಮುಂಚೆ ಅಸ್ಸಾಮಿಗೆ ಫೋನು. ಕಾಕಾನ ಹಿಂದಿಯಲ್ಲಿ ಅರ್ಧ ಸವಣೂರಿನ ಉರ್ದು, ಅರ್ಧ ಕನ್ನಡ, ಉಳಿದದ್ದು ಕೈಸನ್ನೆ. ಫೋನಿನಲ್ಲಿ ಕೈಸನ್ನೆ ಹೇಗೆ ಕಾಣುತ್ತದೆ ಎಂದು ಕೇಳಬೇಡಿ, ದಾದಾಗೆ ಎಲ್ಲ ತಿಳಿಯುತ್ತಿತ್ತು. ಕಾಕು ಚಹಾ ಹಿಡಿದು ನಿಂತು, "ಲಗ್ನಾದಾಗಿಂದ ನನ್ನ ಜೋಡಿ ಇಷ್ಟ್ ಮಾತಾಡಿಲ್ಲ ಇವ್ರು" ಎನ್ನುತ್ತಿದ್ದಳು.

"ನೀ ಎಲ್ಲಿ ರೆಕ್ಕಿ ಮಾಡ್ತೀಯ?" ಎಂದು ಕಾಕಾ.

ಇಬ್ಬರಿಗೂ ಒಬ್ಬರನ್ನೊಬ್ಬರು ನೋಡುವ ಆಸೆ. ಕಾಕಾಗೆ ಅಂಗಡಿ ಬಿಡಲಾಗದು, ದಾದಾಗೆ ದೂರದ ಪಯಣ ಆಗದು. ಅದಕ್ಕೇ ಇಬ್ಬರೂ ಸೇರಿ ಒಂದೇ ವಿಮಾನ ಕಟ್ಟುವುದೆಂದು ನಿಶ್ಚಯವಾಯಿತು. ಮೈ ಶಿಗ್ಗಾಂವಿಯಲ್ಲಿ, ರೆಕ್ಕೆ ಅಸ್ಸಾಮಿನಲ್ಲಿ. ರೆಕ್ಕೆಯನ್ನು ದಾದಾ ತಾವೇ ಹೊತ್ತು ತರುತ್ತೇನೆಂದರು, ಅದೊಂದು ನೆವದಿಂದಾದರೂ ಬಂದಂತಾಗುತ್ತದೆ ಎಂದು. ಗುಂಪಿನವರು ಇವರಿಗೆ ಪೂರ್ತಿ ತಲೆ ಕೆಟ್ಟಿತು ಎಂದರು. ಇಂಚು ಇಂಚಿಗೂ ಫೋನಾಯಿತು, ನಕ್ಷೆಗಳು ಅತ್ತಿತ್ತ ಓಡಾಡಿದವು. ಕೊನೆಗೆ ಒಂದು ದಿನ ಇಬ್ಬರೂ ವಿಡಿಯೋ ಕಾಲಿನಲ್ಲಿ ತಂತಮ್ಮ ಕೆಲಸ ತೋರಿಸಿದರು. ರೆಕ್ಕೆ ಕೂಡುವ ಜಾಗದಲ್ಲಿ ಕಾಕಾ ವಿಮಾನದ ಮೈಯಿಂದ ಒಂದು ಗಟ್ಟಿ ಸರಳು ಹೊರಗೆ ಚಾಚಿದ್ದರು. ದಾದಾ ರೆಕ್ಕೆಯಿಂದ ಅಂಥದೇ ಒಂದು ಸರಳು ಹೊರಗೆ ಚಾಚಿದ್ದರು. ಎರಡೂ ಮನೆಯಲ್ಲಿ ಸರಳು, ಯಾರ ಮನೆಯಲ್ಲೂ ತೂತಿಲ್ಲ! ಅಷ್ಟೆಲ್ಲ ಅಳೆದ ಮಹಾನುಭಾವರು ಯಾವುದು ಯಾವುದರೊಳಗೆ ಹೋಗಬೇಕು ಎಂಬುದನ್ನು ಮಾತ್ರ ಮಾತಾಡಿರಲಿಲ್ಲ.

ನನ್ನ ಸರಳು ಕೊಯ್ಯುವುದಿಲ್ಲ ಎಂದು ಇವರು, ನಾನೂ ಕೊಯ್ಯುವುದಿಲ್ಲ ಎಂದು ಅವರು. ಬೆಳಗಿನ ಫೋನು ನಿಂತಿತು. ಕಾಕಾ ಅಂಗಡಿಯಲ್ಲಿ ಗಿರಾಕಿಗಳ ಮೇಲೆ ಹರಿಹಾಯತೊಡಗಿದರು. ಕೊನೆಗೆ ಕಾಕು ತಾನೇ ದಾದಾನ ಹೆಂಡತಿಗೆ ಫೋನ್ ಹಚ್ಚಿದಳು. ಕಾಕುಗೆ ಹಿಂದಿ ಬಾರದು, ಆ ಭಾಭಿಗೆ ಕನ್ನಡ ಬಾರದು. ಇಬ್ಬರೂ ಬಹಳ ಹೊತ್ತು ನಕ್ಕರು. ಮರುದಿನ ಅಲ್ಲಿ ದಾದಾ ತಮ್ಮ ಸರಳು ಕೊಯ್ದು ರೆಕ್ಕೆಗೆ ತೂತು ಮಾಡಿದರು. ಹೆಂಡಂದಿರು ಏನು ಮಾತಾಡಿಕೊಂಡರೋ ಇವತ್ತಿಗೂ ನಮಗೆ ತಿಳಿದಿಲ್ಲ.

ಅದಾದ ಮೇಲೆ ಬಲ ರೆಕ್ಕೆ ತಕ್ಕಡಿಯ ಮೇಲೆ ಕಂಡಿತು. ಎಂಥ ಚಂದದ ಕೆಲಸ! ಕಾಕಾ ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ಹುಡುಕಿದರೂ ಬೈಯಲು ಏನೂ ಸಿಗಲಿಲ್ಲ. ಆದರೆ ಎಡ ರೆಕ್ಕೆಯ ಫೋಟೋ ಬರಲಿಲ್ಲ. ಕಾಕಾ ಗುಂಪಿನಲ್ಲೇ ಎಲ್ಲರೆದುರು ಕೆಣಕಿದರು: ಮಾಸ್ತರ ಕೆಲಸಗಳ್ಳ, ಪಾಠ ಮುಗಿಸದೆ ಗಂಟೆ ಬಾರಿಸುವವನು. ದಾದಾ ನಗುವ ಮುಖ ಕಳಿಸಿದರು. ಫೋನಿನಲ್ಲಿ ದನಿ ಸಣ್ಣದಾಗಿತ್ತು, ನೆಟ್‌ವರ್ಕ್ ಸರಿಯಿಲ್ಲ ಎಂದರು. ಕಾಕಾ ನಂಬಿದರು. ಫೋನಿನಲ್ಲಿ ಕಾಣದ ಕೈಸನ್ನೆಯನ್ನೂ ಅರಿಯುತ್ತಿದ್ದವರು ದಾದಾ. ಈ ಕಡೆಯವರಿಗೆ ಆ ಸೂಕ್ಷ್ಮ ಇರಲಿಲ್ಲ.

ಒಂದು ಬೆಳಿಗ್ಗೆ ದಾದಾನ ನಂಬರಿನಿಂದ ಭಾಭಿ ಮಾತಾಡಿದರು. ದಾದಾ ತೀರಿಕೊಂಡಿದ್ದರು. ಬಹಳ ದಿನಗಳಿಂದ ಜಡ್ಡಿತ್ತಂತೆ. ಕೈ ಹಿಡಿತಕ್ಕೆ ಬರುತ್ತಿರಲಿಲ್ಲವಂತೆ. ಶಿಗ್ಗಾಂವಿಯವರಿಗೆ ಹೇಳಬೇಡ, ಕೆಲಸ ನಿಲ್ಲಿಸು ಅಂತಾರೆ ಎಂದಿದ್ದರಂತೆ. ಕಾಕಾ ಫೋನು ಕೆಳಗಿಟ್ಟು, ಅಂಗಡಿಯ ಅರ್ಧ ತೆರೆದ ಕದವನ್ನು ಮತ್ತೆ ಮುಚ್ಚಿದರು. ಒಮ್ಮೆಯೂ ಎದುರಿಗೆ ಕಾಣದ ಮನುಷ್ಯನಿಗಾಗಿ ಇಷ್ಟು ಅಳುವುದುಂಟೇ ಎಂದು ನೆರೆಯವರು ಆಡಿಕೊಂಡರು. ನನಗೆ ಸಿಟ್ಟು ಬಂತು. ದಿನಾ ಮುಖ ಕಾಣುವ ನೀವು ಯಾರು ಬಂದು ಕೂತಿದ್ದಿರಿ ಅವರ ಪಕ್ಕ?

ಆಮೇಲೆ ಕಾಕಾ ಮಾಳಿಗೆ ಹತ್ತಲಿಲ್ಲ. ಹತ್ತಿದ್ದು ರೆಕ್ಕೆಗಳು ಬಂದ ದಿನ. ಭಾಭಿ ಅವನ್ನು ದಾದಾನ ಹಳೆಯ ಶಾಲುಗಳಲ್ಲಿ ಸುತ್ತಿ ಪಾರ್ಸಲ್ ಮಾಡಿದ್ದರು. ಬಲದ್ದು ಫೋಟೋದಲ್ಲಿ ಕಂಡಂತೆಯೇ ಇತ್ತು. ಎಡದ್ದನ್ನು ನೋಡಿ ನಾನು ಗೋಡೆಯ ಕಡೆ ತಿರುಗಿಕೊಂಡೆ. ಕಟ್ಟಿಗೆಗಳು ಸೊಟ್ಟ. ಸಂದು ಸಂದಿಗೂ ಅಂಟು ಗಡ್ಡೆಗಟ್ಟಿತ್ತು. ಕೆಲವೆಡೆ ಬೆರಳಿನ ಗುರುತು ಹಾಗೇ ಒಣಗಿತ್ತು. ಕಾಕಾ ಎರಡನ್ನೂ ತೂಗಿದರು.

"ಏನಾತ್ರಿ?" ಎಂದಳು ಕಾಕು.

"ಎಡಗಡೀದು ಭಾಳ ಭಾರ ಆಗೇತಿ."

ಹೀಗಿದ್ದರೆ ವಿಮಾನ ಎಡಕ್ಕೆ ವಾಲಿ ಬೀಳುತ್ತದೆ. ಗುಂಪಿನವರು ಒಬ್ಬರಾದ ಮೇಲೊಬ್ಬರು ಸಲಹೆ ಕಳಿಸಿದರು: ಅಂಟು ಕೆರೆದು ತೆಗೆಯಿರಿ, ಅದಕ್ಕಿಂತ ಎಡ ರೆಕ್ಕೆಯನ್ನೇ ಹೊಸದಾಗಿ ಮಾಡಿ. ಬೇರೆ ಯಾರದಾದರೂ ಆಗಿದ್ದರೆ ಮೊದಲು ಹಾಗೆ ಹೇಳುತ್ತಿದ್ದವರು ಕಾಕಾನೇ. ಈಗ ಅವರು ಒಂದು ಸೀಸದ ತುಂಡು ಹುಡುಕಿ ತಂದು, ಚಂದದ ಬಲ ರೆಕ್ಕೆಯ ತುದಿಯನ್ನು ಸೀಳಿ, ಅದರೊಳಗೆ ಇಟ್ಟು ಹೊಲಿದರು. ಎಡಕ್ಕೆ ಎಷ್ಟು ಭಾರವೋ ಬಲಕ್ಕೂ ಅಷ್ಟೇ.

"ಕಾಕಾ, ಇಡೀ ವಿಮಾನ ಭಾರ ಆಗೂದಿಲ್ಲೇನ?" ಎಂದು ಕೇಳಿದೆ.

"ಆಗ್ಲಿ ಯವ್ವಾ. ಕೈಯಾಗ ಜೀವ ಇಲ್ದಾಗ ಹಚ್ಚಿದ ಅಂಟದು. ನಾ ಯಾವ ಕೈಲೆ ಕೆರೀಲಿ?"

ಅಷ್ಟು ಮಾಡಿದವರು ಹಾರಿಸಲು ಮಾತ್ರ ಒಪ್ಪಲಿಲ್ಲ. ಬಿದ್ದರೆ? ತಮ್ಮವೆಲ್ಲ ಬಿದ್ದು ಚೂರಾದಾಗ ಚೀಲಕ್ಕೆ ತುಂಬಿಕೊಂಡು ನಗುತ್ತ ಬರುತ್ತಿದ್ದ ಮನುಷ್ಯ, ಇದು ಬಿದ್ದರೆ ದಾದಾನ ಕೈಕೆಲಸ ಮತ್ತೆ ಸಿಗುವುದಿಲ್ಲ ಎಂದು ಅದನ್ನು ತೊಲೆಗೆ ಕಟ್ಟಿಬಿಟ್ಟರು. ಎಷ್ಟೋ ದಿನ ಅದು ಅಲ್ಲೇ ಇತ್ತು. ಒಂದು ದಿನ ಭಾಭಿಯೇ ಕೇಳಿದರು. ಕೈ ನಡುಗುತ್ತಿದ್ದರೂ ಅವರು ಬಿಡದೆ ಮಾಡಿದ್ದು ಇದು ಹಾರಲಿ ಅಂತಲೇ ಭೈಯಾ, ಒಮ್ಮೆ ನನಗೆ ತೋರಿಸಿ ಎಂದರು. ಕಾಕಾ ಆ ದಿನ ಊಟ ಮಾಡಲಿಲ್ಲ. ಮರುದಿನ ವಿಮಾನವನ್ನು ತೊಲೆಯಿಂದ ಬಿಚ್ಚಿದರು.

ಸವಣೂರಿನ ಆಚೆಯ ಹೊಲ. ಕಾಕು, ಕಾಕಾ, ನಾನು. ನನ್ನ ಕೈಯಲ್ಲಿ ಫೋನು, ಫೋನಿನಲ್ಲಿ ತಲೆಯ ಮೇಲೆ ಸೆರಗು ಹೊದ್ದ ಭಾಭಿ. ಭಾರದ ವಿಮಾನ ನೆಲ ಬಿಡಲು ಒಪ್ಪದೆ ಹೊಲದ ತುದಿಯ ತನಕ ಓಡಿತು. ಬದುವಿಗೆ ಬಡಿಯಿತು ಎಂದು ಕಾಕು ಕಣ್ಣು ಮುಚ್ಚಿದಳು. ಬಡಿಯಲಿಲ್ಲ. ಒಂದಿಷ್ಟೂ ವಾಲದೆ ಎದ್ದು ಹೋಯಿತು. ನಾನು ಫೋನನ್ನು ಮೇಲಕ್ಕೆ ಹಿಡಿದೆ. ಆ ಸಣ್ಣ ಪರದೆಯಲ್ಲಿ ಅದೊಂದು ಚುಕ್ಕೆಯಾಗಿ ಕಂಡಿರಬೇಕು, ಅಷ್ಟೇ. ಭಾಭಿ ಅಳುವುದು ಕೇಳುತ್ತಿತ್ತು.

ಕಾಕಾ ದೊಡ್ಡ ದೊಡ್ಡ ಸುತ್ತು ಹಾಕಿಸಿದರು. ಆಮೇಲೆ ಮೆಲ್ಲಗೆ, "ಭಾಭಿ, ಉತಾರೂಂ ಕ್ಯಾ?" ಎಂದು ಕೇಳಿದರು, ಇಳಿಸಲೇ ಎಂದು.

"ಥೋಡಾ ಔರ್, ಭೈಯಾ."

ಇನ್ನೂ ಸ್ವಲ್ಪ. ಕಾಕಾ ಮತ್ತೆ ತಿರುಗಿಸಿದರು. ಮತ್ತೆ ಕೇಳಿದಾಗಲೂ ಅದೇ ಉತ್ತರ ಬಂತು. ಪೆಟ್ರೋಲ್ ಮುಗಿಯುತ್ತ ಬಂದಿತ್ತು. ಇನ್ನು ತಡ ಮಾಡುವಂತಿರಲಿಲ್ಲ. ಕಾಕಾ ಈ ಸಲ ಕೇಳದೆ ಅದನ್ನು ತಗ್ಗಿಸಿ ತಂದು, ನೆಲಕ್ಕೆ ತಾಗಿಸಿ, ಕಾಕುವಿನ ಮುಂದೆ ತಂದು ನಿಲ್ಲಿಸಿದರು. ಎಡ ರೆಕ್ಕೆ, ಬಲ ರೆಕ್ಕೆ, ಯಾವುದಕ್ಕೂ ಒಂದು ಗೆರೆಯೂ ಬಿದ್ದಿರಲಿಲ್ಲ. ಕಾಕು ಕೂತು ಎಡ ರೆಕ್ಕೆಯ ಮೇಲೆ ಕೈಯಿಟ್ಟಳು.

ನನ್ನ ಕೈಯಲ್ಲಿ ಕೆಳಮುಖವಾಗಿದ್ದ ಫೋನಿನಿಂದ ಭಾಭಿಯ ದನಿ ಬಂತು. ಸದ್ದು ನಿಂತಿತಲ್ಲ, ಇಳಿಯಿತೇ ಎಂದು ಕೇಳುತ್ತಿದ್ದರು.

ಕಾಕಾ ಒಮ್ಮೆ ನೆಲದ ಮೇಲಿನ ವಿಮಾನ ನೋಡಿದರು, ಒಮ್ಮೆ ನನ್ನನ್ನು ನೋಡಿದರು. "ನಹೀ ಭಾಭಿ. ಅಭೀ ಊಪರ್ ಹೈ" ಎಂದರು. ಇನ್ನೂ ಮೇಲೆಯೇ ಇದೆ ಎಂಬಂತೆ ಕೈಯನ್ನೂ ಎತ್ತಿ ತೋರಿಸಿದರು.

ನಾನು ಫೋನನ್ನು ಖಾಲಿ ಆಕಾಶಕ್ಕೆ ಹಿಡಿದೆ. ಆಮೇಲೆ ಭಾಭಿ, "ಹಾಂ ಭೈಯಾ, ದಿಖ್ ರಹಾ ಹೈ" ಎಂದರು. ಕಾಣುತ್ತಿದೆ ಎಂದರು.