ಅತ್ತಿಗೆಯ ಕುಂಬಳಕಾಯಿಗೊಬ್ಬ ಗಂಡಸು ಬೇಕು

ಕಳಸದ ರಸ್ತೆಯಲ್ಲಿ ನಮ್ಮ ಎಸ್ಟೇಟಿನ ಗೇಟು ದಾಟುವ ಗಂಡಸರು ಸ್ವಲ್ಪ ಹುಷಾರಾಗಿರಬೇಕು. ಅಲ್ಲಿ ನನ್ನ ಅತ್ತಿಗೆ ಕತ್ತಿ ಹಿಡಿದು ನಿಂತಿರುತ್ತಾರೆ! ಹೆದರಬೇಡಿ, ಪೊಲೀಸರಿಗೂ ಫೋನ್ ಮಾಡಬೇಡಿ. ನಮ್ಮ ಯಜಮಾನರ ಈ ಅಕ್ಕನಿಗೆ ಎಂಬತ್ತು ದಾಟಿದೆ, ನನ್ನ ಭುಜದೆತ್ತರ ಬರುತ್ತಾರೆ, ಹಣೆ ತುಂಬ ವಿಭೂತಿ. ಅವರಿಗೆ ಬೇಕಾಗಿರುವುದು ಯಾರ ತಲೆಯೂ ಅಲ್ಲ. ಒಂದು ಕುಂಬಳಕಾಯಿ ಒಡೆಸಬೇಕು, ಅಷ್ಟೇ.

ನಮ್ಮ ಕಡೆ ಹೆಂಗಸರು ಇಡೀ ಕುಂಬಳಕಾಯಿಗೆ ಮೊದಲ ಏಟು ಹಾಕುವುದಿಲ್ಲ. ಗಂಡಸೊಬ್ಬ ಒಡೆದು ಕೊಟ್ಟರೆ ಆಮೇಲೆ ನಾವು ಸಾಂಬಾರಿಗಾದರೂ ಹೆಚ್ಚಬಹುದು, ಪಾಯಸಕ್ಕಾದರೂ ತುರಿಯಬಹುದು. ಈ ನಿಯಮ ಬೂದುಗುಂಬಳಕ್ಕೆ ಮಾತ್ರ ಎನ್ನುವ ಮನೆಗಳೂ ಉಂಟು. ಅತ್ತಿಗೆಯ ಕಾನೂನಿನಲ್ಲಿ ಯಾವ ಕುಂಬಳಕ್ಕೂ ರಿಯಾಯಿತಿ ಇಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ, ಕಾನ್ವೆಂಟಿನ ಗಾಳಿ ಇನ್ನೂ ತಲೆಯಲ್ಲಿದ್ದಾಗ, ನಾನು ಕೇಳಿಯೇಬಿಟ್ಟಿದ್ದೆ.

“ಅತ್ತಿಗೆ, ಹೆಂಗಸರು ಒಡೆದ್ರೆ ಏನಾಗುತ್ತೆ? ವೈ ನಾಟ್?”

“ಆಗೋದೇನು? ಕುಂಬಳಕಾಯಿಗೆ ಬೇಜಾರಾಗುತ್ತೆ.”

“ಅದು ನಿಮಗೆ ಹೇಗೆ ಗೊತ್ತು?”

“ನಿನಗೆ ಸಿಸ್ಟರ್‌ಗಳು ಇಂಗ್ಲಿಷ್ ಹೇಳ್ಕೊಟ್ರು, ನನಗೆ ನಮ್ಮಮ್ಮ ಕುಂಬಳಕಾಯಿ ಹೇಳ್ಕೊಟ್ಲು. ಸುಮ್ನೆ ಬೆಲ್ಲ ಕುಟ್ಟು ಮಾರಾಯ್ತಿ.”

ಎಂಡ್ ಆಫ್ ಡಿಸ್ಕಷನ್! ಅಂದಿನಿಂದ ಬೆಲ್ಲ ಕುಟ್ಟುತ್ತಲೇ ಇದ್ದೇನೆ.

ಕುಂಬಳವಾದರೂ ಎಂಥದ್ದು! ನಮ್ಮ ಅತ್ತೆಯವರು ಮಲ್ಲಂದೂರಿನ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಬೀಜ. ಉದ್ದ ಕತ್ತು, ದಪ್ಪ ಹೊಟ್ಟೆ, ಮೈಯೆಲ್ಲ ಗಂಟು. ನೋಡಲು ನಮ್ಮ ಕಾನ್ವೆಂಟಿನ ಮ್ಯೂಸಿಕ್ ಸಿಸ್ಟರ್ ಸಿಟ್ಟಾಗಿ ಕೂತ ಹಾಗೆ. ಒಮ್ಮೆ ಅಟ್ಟದಿಂದ ಉರುಳಿಬಿದ್ದಾಗ ಕಾಯಿಗೆ ಏನೂ ಆಗಲಿಲ್ಲ, ಸಿಮೆಂಟ್ ನೆಲ ಬಿರುಕುಬಿಟ್ಟಿತು! ಒಳಗಿನ ತಿರುಳು ಮಾತ್ರ ಬೇಯಿಸಿದರೆ ಬೆಣ್ಣೆ. ತಲೆಮಾರಿನಿಂದ ಬಂದ ಇಂಥ ತಳಿಗಳಿಗೆ ಈಗ ಏರ್‌ಲೂಮ್ ಎನ್ನುತ್ತಾರಂತೆ. ಅತ್ತಿಗೆಯ ಬಾಯಲ್ಲಿ ಅದು ‘ಅಮ್ಮನ ಕಾಯಿ’.

ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಪ್ಯಾಕೆಟ್ ಬೀಜ ತಂದು ಹೈಬ್ರಿಡ್ ಕುಂಬಳ ಹಾಕಿದ್ದೇ ಹಾಕಿದ್ದು, ಅತ್ತಿಗೆಯ ನಿದ್ದೆ ಹಾರಿಹೋಯಿತು. ಜೇನುಹುಳಕ್ಕೆ ಬೇಲಿ ಉಂಟೇ? ಅಲ್ಲಿಯ ಹೂವಿನ ಪುಡಿ ಇಲ್ಲಿಗೆ ತಂದರೆ ಅಮ್ಮನ ಕಾಯಿಯ ಕುಲವೇ ಕೆಟ್ಟಿತಲ್ಲ! ಹಾಗಾಗಿ ನಾಳೆ ಅರಳುವ ಹೂವಿಗೆ ಇಂದು ಸಂಜೆಯೇ ಮುಸುಕು. ಬೆಳಿಗ್ಗೆ ಮಳೆ ಕೊಂಚ ಹೊಳವಾಗುತ್ತಲೇ ಗಂಡು ಹೂವನ್ನು ಕಿತ್ತು, ಹೆಣ್ಣು ಹೂವಿಗೆ ಕೊಡೆ ಹಿಡಿದು, ಮುಟ್ಟಿಸಿ, ಮತ್ತೆ ಮುಸುಕು ಕಟ್ಟಬೇಕು. ತಮ್ಮನ್ನು ನೋಡಲು ಬಂದ ಗಂಡುಗಳನ್ನೆಲ್ಲ ಓಡಿಸಿ ತವರಿನಲ್ಲೇ ಉಳಿದವರು ಈ ಮದುವೆಗಳಲ್ಲಿ ಬೀಗಿತ್ತಿಯಂತೆ ಓಡಾಡುವುದನ್ನು ನೀವು ನೋಡಬೇಕು!

ಮುಸುಕು ಯಾವುದೆಂದು ನನಗೆ ತಿಳಿದದ್ದು, ನಮ್ಮವರು ಚಿಕ್ಕಮಗಳೂರಿಗೆ ಮೀಟಿಂಗಿಗೆ ಹೊರಟ ದಿನ.

“ಅತ್ತಿಗೆ, ಇವರ ಸಾಕ್ಸ್ ಎಲ್ಲೂ ಕಾಣಿಸ್ತಿಲ್ಲ.”

“ಒಂದು ಗಂಡಿಗೆ ಹಾಕಿದೀನಿ, ಒಂದು ಹೆಣ್ಣಿಗೆ ಹಾಕಿದೀನಿ. ನಾಳೆ ಬಿಚ್ಚಿ ಕೊಡ್ತೀನಿ.”

ನಮ್ಮವರು ಬರಿಗಾಲಿಗೆ ಶೂ ಏರಿಸಿ ಹೋದರು. ಪ್ಲಾಂಟರ್‌ಗಳ ಎದುರು ಕಾಲಿನ ಮೇಲೆ ಕಾಲು ಹಾಕಿ ಕೂರಲಾಗಲಿಲ್ಲವಂತೆ ಪಾಪ!

ಇನ್ನು ಗೇಟಿನ ಬೇಟೆ. ಮೊದಲು ಸಿಕ್ಕಿದವನು ಲೈನ್‌ಮನ್. ಬೆಲ್ಟ್ ಬಿಗಿದು ಕಂಬ ಹತ್ತುತ್ತಿದ್ದವನನ್ನು ಅತ್ತಿಗೆ ಕೂಗಿ ಇಳಿಸಿದರು. “ಕರೆಂಟ್ ಆಮೇಲೆ ಕೊಡಪ್ಪ, ಮೊದಲು ಇದನ್ನ ಒಡಿ.” ಊರೆಲ್ಲ ಕತ್ತಲೆ, ನಮ್ಮ ಮನೆಯಲ್ಲಿ ಸಾಂಬಾರು! ಇನ್ನೊಂದು ಸಲ ಪಂಚಾಯ್ತಿ ಎಲೆಕ್ಷನ್‌ಗೆ ನಿಂತವರೊಬ್ಬರು ಕೈ ಮುಗಿದುಕೊಂಡು ಬಂದರು. “ಕೈ ಬಿಚ್ಚು, ಕತ್ತಿ ಹಿಡಿ” ಎಂದರು ಅತ್ತಿಗೆ. ಕತ್ತಿ ಕಾಯಿಯಲ್ಲಿ ಸಿಕ್ಕಿಕೊಂಡಿತು. ಅವರು ಎಳೆದರು, ಕೂಡ ಬಂದವರೂ ಎಳೆದರು. ಬರಲಿಲ್ಲ. “ಕುಂಬಳಕಾಯಿ ಒಡೆಯಕ್ಕೆ ಆಗ್ದೋನು ನಮ್ಮ ರಸ್ತೆ ಹೆಂಗಪ್ಪಾ ಮಾಡಿಸ್ತೀಯ?” ಎಲೆಕ್ಷನ್‌ನಲ್ಲಿ ಅವರು ಸೋತರು. ಅದು ಕುಂಬಳಕಾಯಿಯಿಂದಲೇ ಎಂದು ನಾನು ಹೇಳುವುದಿಲ್ಲ, ಅತ್ತಿಗೆ ಹೇಳುತ್ತಾರೆ.

ಮತ್ತೊಂದು ದಿನ ಬೆಂಗಳೂರಿನ ಕಾರು ನಿಂತಿತು. ಒಳಗೊಬ್ಬ ಹುಡುಗ, ಜುಟ್ಟು, ಕಿವಿಗೆ ಓಲೆ.

“ಆಂಟಿ, ಹೊರನಾಡಿಗೆ ಹೇಗೆ ಹೋಗೋದು?”

“ಮೊದಲು ನೀನು ಗಂಡಸಾ ಹೇಳಪ್ಪ.”

“ಹೌದು ಆಂಟಿ...”

“ಹಂಗಾದ್ರೆ ಇಳಿ.”

ನಾಚಿಕೆಯಿಂದ ನಾನು ಒಳಗೆ ಓಡಿದೆ. ಆ ಹುಡುಗನೋ, ಕಾಯಿ ಒಡೆದು, ಅತ್ತಿಗೆಯ ಜೊತೆ ಸೆಲ್ಫಿ ತೆಗೆದು, ತನ್ನ ಪಾಲಿನ ಹೋಳನ್ನು ಡಿಕ್ಕಿಯಲ್ಲಿಟ್ಟುಕೊಂಡು ಹೋದ!

ಮನೆಯಲ್ಲಿ ಗಂಡಸರಿಲ್ಲವೇ ಎಂದು ನೀವು ಕೇಳಬಹುದು. ಇದ್ದಾರೆ! ನಮ್ಮವರು ವರಾಂಡದಲ್ಲೇ ಪೇಪರ್ ಹಿಡಿದು ಕೂತಿರುತ್ತಾರೆ. ಬಂದವರೂ ಅದನ್ನೇ ಕೇಳುತ್ತಾರೆ. ಅತ್ತಿಗೆ ನಮ್ಮವರಿಗೆ ಕೇಳಿಸುವಂತೆಯೇ ಹೇಳುತ್ತಾರೆ: “ಅವನಾ? ಸೋಂಬೇರಿ. ಸಣ್ಣೋನಿದ್ದಾಗಿಂದ ಸೊಟ್ಟಸೊಟ್ಟ ಒಡೀತಾನೆ.”

ನನಗೆ ಮೈ ಉರಿಯುತ್ತಿತ್ತು. ಏಕೆಂದರೆ ಅದು ಶುದ್ಧ ಸುಳ್ಳು. ಈ ಮನೆಯ ಅಷ್ಟೂ ಕುಂಬಳಗಳನ್ನು ಒಂದೇ ಏಟಿಗೆ ಇಬ್ಭಾಗ ಮಾಡುತ್ತಿದ್ದವರು ಅವರೇ. ಕೆಲವು ವರ್ಷಗಳ ಹಿಂದೆ ಅವರ ಕೈಯಲ್ಲಿ ಕಾಫಿ ಕಪ್ಪು ಸಾಸರಿನ ಮೇಲೆ ಗಲಗಲ ಎನ್ನತೊಡಗಿತು. ಡಾಕ್ಟರು ಕೈ ನಡುಕಕ್ಕೊಂದು ಉದ್ದದ ಹೆಸರು ಹೇಳಿ ಮಾತ್ರೆ ಬರೆದರು. ಅತ್ತಿಗೆ ಮೊದಲ ಸಲ ಗೇಟಿಗೆ ಹೋಗಿ ನಿಂತದ್ದು ಅದೇ ವಾರ. ಸೋಂಬೇರಿ ಎಂದಾಗಲೆಲ್ಲ ಪೇಪರಿನ ಹಿಂದೆ ನಮ್ಮವರು ನಗುತ್ತಿದ್ದರು. ಬಂದವರೂ ನಗುತ್ತಿದ್ದರು. ಕೈಯ ಸುದ್ದಿ ಯಾರೂ ಎತ್ತುತ್ತಿರಲಿಲ್ಲ. ಇದು ನನ್ನ ಕಾನ್ವೆಂಟ್ ತಲೆಗೆ ಹೊಳೆಯಲು ಬಹಳ ಕಾಲ ಬೇಕಾಯಿತು.

ಆದರೆ ಬೀಜದ ಕಾಯಿಯ ಮಾತು ಬೇರೆ. ಅದನ್ನು ಮನೆಯ ಮಗನೇ ಒಡೆಯಬೇಕು, ಇದು ಅತ್ತೆಯವರು ಹಾಕಿದ ಕಟ್ಟಳೆ. ಕಳೆದ ಮಳೆ ಎಲ್ಲವನ್ನೂ ಕೊಳೆಸಿ, ಮುಸುಕಿನ ಕಾಯಿ ಒಂದೇ ಒಂದು ಉಳಿದಿತ್ತು. ಹಳೆಯ ಬೀಜವೆಲ್ಲ ಬಿತ್ತಿ ಮುಗಿದಿತ್ತು. ಶಿವರಾತ್ರಿ ಹೊತ್ತಿಗೆ ಒಡೆಯಬೇಕಾದ ಆ ಕಾಯಿ ಯುಗಾದಿ ಕಳೆದರೂ ಅಟ್ಟದಲ್ಲೇ ಇತ್ತು. ಹಿಂದಿನ ವರ್ಷದವರೆಗೂ ಹೇಗೋ ಒಡೆದಿದ್ದ ನಮ್ಮವರು ಈ ಸಲ ಮುಟ್ಟಲಾರೆ ಎಂದುಬಿಟ್ಟಿದ್ದರು.

ಒಂದು ಬೆಳಿಗ್ಗೆ ಅತ್ತಿಗೆ ಅದನ್ನು ಇಳಿಸಿ ಅಂಗಳದಲ್ಲಿಟ್ಟರು. ತಳದಲ್ಲಿ ಅಂಗೈಯಗಲ ಮೆತ್ತಗಾಗಿತ್ತು. ಇನ್ನು ತಡೆದರೆ ಅಮ್ಮನ ಕಾಯಿಯ ಕಥೆ ಮುಗಿದಂತೆ.

“ತಮ್ಮಾ, ಬಾ.”

“ಲೈನ್‌ಮನ್‌ನ ಕರಿ ಅಕ್ಕ. ನನ್ನ ಕೈಲಿ ಬೀಜ ಎಲ್ಲ ಕತ್ತರಿಸಿ ಹೋಗುತ್ತೆ.”

“ಹೋದ್ರೆ ಹೋಗುತ್ತೆ. ಬಾ ಮಾರಾಯ.”

ಕತ್ತಿ ಹಿಡಿದ ನಮ್ಮವರ ಕೈ ಮರದೆಲೆಯಂತೆ ಅಲ್ಲಾಡುತ್ತಿತ್ತು. ಅತ್ತಿಗೆ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಆ ಕೈಯ ಮೇಲೆ ತಮ್ಮ ಎರಡೂ ಕೈಗಳನ್ನಿಟ್ಟರು. ಆಯುಷ್ಯವಿಡೀ ಕುಂಬಳಕ್ಕೆ ಕತ್ತಿ ಮುಟ್ಟಿಸದ ಕೈಗಳು!

“ಅತ್ತಿಗೆ, ನೀವು...”

“ನೀನು ಆ ಕಡೆ ತಿರುಗು.”

ಎಪ್ಪತ್ತಾರನೆಯ ವಯಸ್ಸಿನಲ್ಲಿ, ಪನಿಶ್‌ಮೆಂಟ್ ಆದ ಹುಡುಗಿಯಂತೆ, ಗೋಡೆಗೆ ಮುಖ ಮಾಡಿ ನಿಂತೆ. ಹಿಂದಿನಿಂದ ಟಪ್ ಎಂದು ಸದ್ದಾಯಿತು.

“ಯಾರೇ ಒಡೆದಿದ್ದು?”

“ನಮ್ಮವರು, ಅತ್ತಿಗೆ.”

“ಹ್ಞಾ. ಈಗ ತಿರುಗು.”

ಅಕ್ಕ ತಮ್ಮ ಇಬ್ಬರೂ ನೆಲದ ಮೇಲೆ ಕೂತಿದ್ದರು. ಒಳಗೆ ಬೀಜ ತುಂಬಿತ್ತು, ಗಟ್ಟಿಯಾಗಿ, ಬೆಳ್ಳಗೆ. ನಮ್ಮವರು ಒಂದೊಂದೇ ಬಿಡಿಸಿ ಅಕ್ಕನ ಅಂಗೈಗೆ ಹಾಕುತ್ತಿದ್ದರು. ಕೈ ನಡುಗಿ ಕೆಲವು ಮಣ್ಣಿಗೆ ಉದುರಿದವು. ಅವರ ಮುಖ ಸಪ್ಪಗಾಯಿತು. ನಾನು ಹೆಕ್ಕಲು ಬಗ್ಗಿದೆ.

“ಬಿಡೇ,” ಎಂದರು ಅತ್ತಿಗೆ. “ಅಲ್ಲೇ ಇರ್ಲಿ. ಅವನು ಹಾಕಿದ್ದು ಅಲ್ಲೇ ಹುಟ್ಲಿ.”