ಹನ್ನೆರಡು ಮುದ್ದೆಯ ತ್ರೈರಾಶಿ

ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದು ಮೂವತ್ತೆರಡನೇ ವಯಸ್ಸಿನಲ್ಲಿ. ಪರೀಕ್ಷೆಯ ಕೋಣೆಗೆ ಹೋದಾಗ ನನ್ನ ಮೀಸೆ ನೋಡಿ ಮೇಲ್ವಿಚಾರಕರೇ ಎದ್ದು ನಮಸ್ಕಾರ ಮಾಡಿದ್ದರು. ಅಂದು ನನ್ನನ್ನು ದಡ ಸೇರಿಸಿದ್ದು ತ್ರೈರಾಶಿ, ಇಷ್ಟಕ್ಕೆ ಇಷ್ಟಾದರೆ ಅಷ್ಟಕ್ಕೆ ಎಷ್ಟು ಎನ್ನುವ ಲೆಕ್ಕ. ಆ ಋಣ ಇನ್ನೂ ನನ್ನ ಮೇಲಿದೆ.

ಮಗಳು ಮಾನಸ ನಾಲ್ಕನೇ ಕ್ಲಾಸು. ಲೆಕ್ಕದ ಪುಸ್ತಕ ತೆಗೆದರೆ ಕಣ್ಣಲ್ಲಿ ನೀರು. ಮನೆಗೆಲಸದಲ್ಲೇ ಲೆಕ್ಕ ಕಲಿಸಿ, ಭಯ ಹೋಗುತ್ತೆ ಅಂತ ಮೇಡಂ ಹೇಳಿದರು. ಇದಕ್ಕೆ ನನಗಿಂತ ಯೋಗ್ಯರು ಶಿಡ್ಲಘಟ್ಟ ತಾಲ್ಲೂಕಿನಲ್ಲೇ ಇರಲಿಲ್ಲ!

ಭಾನುವಾರ ಸಾದಲಿಯಿಂದ ಅತ್ತೆಯ ಕಡೆಯವರು ಊಟಕ್ಕೆ ಬರುವವರಿದ್ದರು. ಹೆಂಡತಿ ರತ್ನ ಬಸ್ಸಾರು ಮಾಡಿಟ್ಟು, ಅವರನ್ನು ಕರೆತರಲು ಬಸ್‌ ಸ್ಟ್ಯಾಂಡಿಗೆ ಹೊರಟಳು. ಮುದ್ದೆ ನನಗೆ ಬಿಡು ಎಂದೆ. ಅವಳು ಬಾಗಿಲಲ್ಲಿ ಎರಡು ಸಲ ತಿರುಗಿ ನೋಡಿದಳು.

ದಿನಾ ನಾಲ್ಕು ಮುದ್ದೆಗೆ ಎರಡು ಲೋಟ ನೀರು, ಎರಡು ಲೋಟ ಹಿಟ್ಟು, ಅರ್ಧ ಗಂಟೆ. ಇವತ್ತು ಹನ್ನೆರಡು ಮುದ್ದೆ. ಎಲ್ಲ ಎಷ್ಟೆಷ್ಟು ಎಂದು ಕೇಳಿದೆ. ಮಾನಸ ಬೆರಳು ಮಡಚಿ ಆರು ಲೋಟ ನೀರು, ಆರು ಲೋಟ ಹಿಟ್ಟು ಅಂದಳು. ಅಳಲಿಲ್ಲ. ನನ್ನೆದೆ ಉಬ್ಬಿತು. ಉಬ್ಬಿದ ಎದೆಯಲ್ಲೇ ಘೋಷಿಸಿದೆ: ಸಮಯವೂ ಮೂರು ಪಟ್ಟು, ಒಂದೂವರೆ ಗಂಟೆ!

ಮಾನಸ ಹಿಂದಿನ ಕೋಣೆಯ ರೇಷ್ಮೆ ಹುಳಗಳ ಕಡೆ ನೋಡಿದಳು.

"ಅಪ್ಪಾ, ಒಂದು ಹುಳ ಗೂಡು ಕಟ್ಟಕ್ಕೆ ಮೂರು ದಿನ. ಸಾವಿರ ಹುಳ ಇದ್ರೂ ಮೂರೇ ದಿನ ತಾನೇ?"

"ಹುಳದ ವಿಷ್ಯ ಬೇರೆ ಕಣಮ್ಮ, ತ್ರೈರಾಶಿ ಬೇರೆ."

ನೀರು ಕುದಿಯಿತು. ಹಿಟ್ಟು ಸುರಿದು, ನಡುವೆ ಕೋಲು ನೆಟ್ಟು, ಗಡಿಯಾರದ ಮುಂದೆ ಕೂತೆ. ನಲವತ್ತು ನಿಮಿಷಕ್ಕೆ ಸೀದ ವಾಸನೆ ಬಂತು. ಮಾನಸ ಮೂಗು ಮುಚ್ಚಿಕೊಂಡು ಒಲೆ ಆರಿಸೋಣ್ವಾ ಅಂದಳು. ಲೆಕ್ಕದ ಪ್ರಕಾರ ಇನ್ನೂ ಅರ್ಧವೂ ಬೆಂದಿಲ್ಲ ಎಂದು ತಡೆದೆ. ಗಂಟೆ ದಾಟಿದ ಮೇಲೆ ಗಡಿಯಾರವೇ ಕಾಣಲಿಲ್ಲ. ಅಷ್ಟು ಹೊಗೆ.

ಗಡಿಯಾರಕ್ಕೆ ಮೂಗು ತಾಗಿಸಿ ನೋಡಿ, ಸರಿಯಾಗಿ ಒಂದೂವರೆ ಗಂಟೆ ಆದಾಗ ತೊಳಸಲು ಕೋಲು ಎತ್ತಿದೆ. ಕೋಲಿನ ಜೊತೆ ಪಾತ್ರೆಯೂ ಎದ್ದು ಬಂತು! ಅದನ್ನು ಗದೆಯಂತೆ ಹಿಡಿದು ನಿಂತಿದ್ದಾಗಲೇ ಅತ್ತೆ ಒಳಗೆ ಬಂದರು. ಹಿಂದೆ ಏಳು ಜನ, ಎಲ್ಲರಿಗಿಂತ ಹಿಂದೆ ರತ್ನ.

ಅತ್ತೆ ಹೊಗೆಯನ್ನು ಸೆರಗಿನಲ್ಲಿ ಬೀಸಿಕೊಂಡು ಮೆಲ್ಲಗೆ ಕೇಳಿದರು. "ಅಳಿಯಂದ್ರೇ, ಊಟಕ್ಕೆ ಕರೆದ್ರೋ, ಹೊಡಿಯಕ್ಕೆ ಕರೆದ್ರೋ?"

ರತ್ನ ಅಕ್ಕಿ ಡಬ್ಬ ತೆಗೆದಳು. ಅಕ್ಕಿ ತೊಳೆಯಲು ಕೂತಳು. ಅವಳು ಅಕ್ಕಿ ತೊಳೆದ ರಭಸಕ್ಕೆ ಅರ್ಧ ಅಲ್ಲೇ ನುಚ್ಚಾಗಿರಬೇಕು.

ಮಾನಸ ಮಾತ್ರ ಬಂದವರಿಗೆಲ್ಲ ಒಬ್ಬೊಬ್ಬರಿಗೇ ಹುಳದ ಲೆಕ್ಕ ವಿವರಿಸುತ್ತಿದ್ದಳು. ಲೆಕ್ಕ ಹೇಳುತ್ತಾ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಸಂಜೆ ಅವಳ ನೋಟ್‌ಬುಕ್ ನೋಡಿದೆ. ಈ ವಾರ ಮನೆಯಲ್ಲಿ ಮಾಡಿದ ಲೆಕ್ಕ ಎಂಬ ಪ್ರಶ್ನೆಗೆ ಗುಂಡಗೆ ಬರೆದಿದ್ದಳು: "ಎಲ್ಲಿ ಗುಣಿಸಬಾರದು ಎಂದು ಅಪ್ಪನಿಗೆ ಕಲಿಸಿದೆ. ಅವರು ಇನ್ನೂ ಕಲಿಯುತ್ತಿದ್ದಾರೆ."

ಮೇಡಂ ದೊಡ್ಡದಾಗಿ ರೈಟ್ ಹಾಕಿದ್ದರು. ಕೆಳಗೆ ಪೋಷಕರ ಸಹಿ ಬೇಕಿತ್ತು.

ಹಾಕಿದೆ.