ಬೆರಳ ತುದಿಯ ಸಕ್ಕರೆ

ಎಲ್ಲಕ್ಕೂ ಕಾರಣ ಆ ನಲ್ಲಿ. ಕಚೇರಿಯ ಮೂರನೇ ಮಹಡಿಯ ನಲ್ಲಿಯಲ್ಲಿ ಆ ಗುರುವಾರ ಒಂದು ಚೊಂಬು ನೀರು ಬಂದಿದ್ದರೆ ನಮ್ಮ ಗುಮಾಸ್ತನ ಮಾನವೂ ಉಳಿಯುತ್ತಿತ್ತು, ಇಡೀ ದಾಖಲೆ ವಿಭಾಗದ ಬೆರಳುಗಳೂ ಉಳಿಯುತ್ತಿದ್ದವು. ಆದರೆ ವರ್ಷವಿಡೀ ಸುಮ್ಮನಿದ್ದ ಕಟ್ಟಡದವರಿಗೆ ಅವತ್ತೇ ತೊಟ್ಟಿ ತೊಳೆಯುವ ಹುಮ್ಮಸ್ಸು ಬಂದಿತ್ತು.

ಗುಮಾಸ್ತನ ಮಗಳಿಗೆ ಏಳು ವರ್ಷ. ಎರಡು ವರ್ಷದಿಂದ ಸಕ್ಕರೆ ಕಾಯಿಲೆ. ಊಟಕ್ಕೆ ಮೊದಲು ಬೆರಳು ಚುಚ್ಚಿ, ಒಂದು ತೊಟ್ಟು ರಕ್ತವನ್ನು ಪಟ್ಟಿಗೆ ಮುಟ್ಟಿಸಿ, ಅಂಗೈಯಗಲದ ಯಂತ್ರದಲ್ಲಿ ಬರುವ ಅಂಕಿ ನೋಡಿ ಇನ್ಸುಲಿನ್ ಕೊಡಬೇಕು. ಮನೆಯಲ್ಲಿ ಈ ಕೆಲಸ ಹೆಂಡತಿಯದು. ಗುಮಾಸ್ತನ ಪಾಲಿಗೆ ಬರುತ್ತಿದ್ದದ್ದು ಟವೆಲ್ ಹಿಡಿದು ನಿಲ್ಲುವುದು.

ಈಗ ಶನಿವಾರ ಶಾಲೆಯಿಂದ ಮೃಗಾಲಯಕ್ಕೆ ಪ್ರವಾಸ. ಮಗಳು ಹೋಗಬೇಕಾದರೆ ಬೆರಳು ಚುಚ್ಚಲು ಬರುವ ದೊಡ್ಡವರೊಬ್ಬರು ಜೊತೆಗಿರಬೇಕು ಎಂದು ಶಾಲೆಯವರು ಹೇಳಿಬಿಟ್ಟಿದ್ದರು. ಹೆಂಡತಿ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ಶನಿವಾರ ಅವಳ ಹನ್ನೊಂದು ಮಂದಿ ಶಿಷ್ಯರಿಗೆ ಲೈಸೆನ್ಸ್ ಪರೀಕ್ಷೆ, ರಜೆಯ ಮಾತೇ ಇಲ್ಲ. ಉಳಿದವನು ಗುಮಾಸ್ತನೊಬ್ಬನೇ. ಕಳೆದ ವರ್ಷದ ಪ್ರವಾಸ ತಪ್ಪಿ ಮಗಳು ಕಿಟಕಿಯ ಸರಳು ಹಿಡಿದು ನಿಂತಿದ್ದನ್ನು ಅವನು ಇನ್ನೂ ಮರೆತಿರಲಿಲ್ಲ.

"ಗೇರ್ ಹಾಕೋಕೆ ಬರದವರನ್ನ ನಾನು ದೊಡ್ಡ ರಸ್ತೆಗೆ ಬಿಡೋಳಲ್ಲ," ಎಂದಳು ಹೆಂಡತಿ ಗುರುವಾರ ಬೆಳಿಗ್ಗೆ. "ಇವತ್ತು ಅವಳಿಗೆ ಶಾಲೆ ಇಲ್ಲ. ಆಫೀಸಿಗೆ ಕರ್ಕೊಂಡು ಹೋಗಿ, ಮಧ್ಯಾಹ್ನ ನೀವೊಬ್ರೇ ಎಲ್ಲ ಮಾಡಿ. ಸರಿಯಾಗಿ ಮಾಡಿದ್ರೆ ಶನಿವಾರ ಅಪ್ಪ ಮಗಳು ಹೋಗಿ ಬನ್ನಿ. ಇಲ್ಲ ಅಂದ್ರೆ ಇಲ್ಲ. ಹೇಳಿ, ಮೊದಲು ಏನು?"

"ಸೋಪು ಹಾಕಿ ಕೈ ತೊಳೆಸೋದು. ಆಮೇಲೆ ಒರೆಸೋದು."

"ಯಾಕೆ?"

"ಬೆರಳಿಗೆ ಸಿಹಿ ಗಿಹಿ ಅಂಟಿದ್ರೆ ಅಂಕಿ ಸುಳ್ಳು ಹೇಳತ್ತೆ."

"ಅಂಕಿ ಜಾಸ್ತಿ ಬಂದ್ರೆ?"

"ಮತ್ತೆ ಕೈ ತೊಳೆಸಿ ಮತ್ತೆ ನೋಡೋದು. ಆಗ್ಲೂ ಜಾಸ್ತಿ ಇದ್ರೆ ನಿನಗೆ ಫೋನು. ನಿನ್ನ ಕೇಳದೆ ಇನ್ಸುಲಿನ್ ಇಲ್ಲ."

"ಬಾಯಿಪಾಠ ಚೆನ್ನಾಗಿದೆ. ರಸ್ತೆಗಿಳಿದಾಗ ನೋಡೋಣ," ಎಂದು ಅವಳು ಕಾರಿನ ಕೀಲಿ ತಿರುಗಿಸುತ್ತ ಹೊರಟಳು.

ದಾಖಲೆ ವಿಭಾಗದಲ್ಲಿ ಅವತ್ತು ಉಸಿರಾಡಲು ಪುರುಸೊತ್ತಿರಲಿಲ್ಲ. ಸೋಮವಾರ ತಪಾಸಣೆ. ಮುನ್ನೂರು ಕಡತಗಳ ಪ್ರತಿಯೊಂದು ಹಾಳೆಗೂ ಪುಟಸಂಖ್ಯೆ ಹಾಕಬೇಕು. ಪ್ರತಿ ಮೇಜಿನ ಮೇಲೂ ಹಾಳೆ ತಿರುವಲು ಬೆರಳು ಒದ್ದೆ ಮಾಡಿಕೊಳ್ಳುವ ಸ್ಪಂಜಿನ ಬಟ್ಟಲು. ಈ ವಿಭಾಗದ ಸ್ಪಂಜು ಇಡೀ ಕಟ್ಟಡದಲ್ಲೇ ಹೆಸರುವಾಸಿ: ಒಂದು ಸಲ ಬೆರಳೊತ್ತಿದರೆ ಇಪ್ಪತ್ತು ಹಾಳೆ ಸರಸರನೆ ಒಂದೊಂದಾಗಿ ಬರುತ್ತಿದ್ದವು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಟ್ಟಲು ತುಂಬಿಸುವುದು ಹೆಡ್ ಕ್ಲರ್ಕ್. ಆ ಕೆಲಸವನ್ನು ಅವರು ಇನ್ನೊಬ್ಬರಿಗೆ ಬಿಟ್ಟವರಲ್ಲ. ಮಗಳಿಗೂ ಸ್ಪಂಜು ಬಲು ಇಷ್ಟವಾಗಿ ಬೆಳಗಿನಿಂದ ಅಪ್ಪನಿಗೆ ಹಾಳೆ ತಿರುವಿಕೊಟ್ಟಳು.

ಹನ್ನೆರಡೂವರೆಗೆ ಗುಮಾಸ್ತ ಸೋಪಿನ ಡಬ್ಬಿ, ಟವೆಲ್ ಹಿಡಿದು ಮಗಳೊಂದಿಗೆ ನಲ್ಲಿಯ ಬಳಿ ಹೋದ. ತಿರುಗಿಸಿದರೆ ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಕುಡಿಯುವ ನೀರಿನ ಕ್ಯಾನು ಬೋರಲು ಬಿದ್ದಿತ್ತು.

"ಕೆಳಗೆ ಅಂಗಡಿಗೆ ಹೋಗಿ ನೀರು ತರೋಣ ಅಪ್ಪಾ," ಎಂದಳು ಮಗಳು.

ಅಷ್ಟರಲ್ಲಿ ಟೈಪಿಸ್ಟ್ ಮೇಡಂ ಮೂಗು ತೂರಿಸಿದರು. "ಒಂದು ಬೆರಳು ಒದ್ದೆ ಮಾಡೋಕೆ ಮೂರು ಮಹಡಿ ಇಳೀತಾರೇನ್ರೀ? ಸ್ಪಂಜಿಲ್ವಾ? ಅದರಲ್ಲೇ ಚೆನ್ನಾಗಿ ತಿಕ್ಕಿ ಒರೆಸಿ. ಏನಾಗತ್ತೆ?"

ಗುಮಾಸ್ತ ಮೆಟ್ಟಿಲ ಕಡೆ ನೋಡಿದ, ಕಡತಗಳ ಕಡೆ ನೋಡಿದ. ಮೇಡಂ ಹೇಳಿದ್ದು ನ್ಯಾಯವೆನಿಸಿತು. ಮಗಳ ಉಂಗುರದ ಬೆರಳನ್ನು ಸ್ಪಂಜಿಗೆ ಒತ್ತಿ ಒತ್ತಿ ತಿಕ್ಕಿ, ಟವೆಲಿನಿಂದ ಒರೆಸಿ, ತುದಿಯ ಪಕ್ಕದಲ್ಲಿ ಚುಚ್ಚಿ, ಪಟ್ಟಿಗೆ ಮುಟ್ಟಿಸಿದ.

ನಾನೂರ ಮೂವತ್ತೆಂಟು.

ಅವನು ಯಂತ್ರವನ್ನು ಕಣ್ಣಿನ ಹತ್ತಿರ ತಂದು ಮತ್ತೆ ಓದಿದ. ಮಗಳು ಮಾತ್ರ ಕಾಲು ಆಡಿಸುತ್ತ ಕೂತಿದ್ದಳು. "ನನಗೇನೂ ಆಗ್ತಿಲ್ಲ ಅಪ್ಪಾ. ನೀನು ಸೋಪಲ್ಲಿ ತೊಳೆದಿಲ್ಲ, ಅದಕ್ಕೇ."

"ಇನ್ನೂ ಚೆನ್ನಾಗಿ ತಿಕ್ಕಬೇಕಿತ್ತು," ಎಂದು ಮೇಡಂ ಬಟ್ಟಲನ್ನು ಮುಂದೆ ತಳ್ಳಿದರು. ಈ ಸಲ ಐದೂ ಬೆರಳು ಸ್ಪಂಜಿನಲ್ಲಿ ಮುಳುಗೆದ್ದವು. ನಾನೂರ ಎಪ್ಪತ್ತೊಂದು.

ಗುಮಾಸ್ತ ಹೆಂಡತಿಗೆ ಫೋನು ಹಚ್ಚಿದ. ಅವಳು ಯಾರಿಗೋ ಕಾರು ಹಿಂದಕ್ಕೆ ಓಡಿಸಲು ಕಲಿಸುತ್ತಿದ್ದಳೇನೋ, ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತುಹೋಯಿತು.

"ಸಾರ್, ಗಾಬರಿಯಾಗಬೇಡಿ," ಎಂದ ಅಟೆಂಡರ್. ಕಚೇರಿಯಲ್ಲಿ ಯಾವ ಯಂತ್ರ ಕೆಟ್ಟರೂ ಮೊದಲು ಒಂದು ಏಟು ಹಾಕಿ ನೋಡುವವನು ಅವನು. "ಮಗು ಸರಿಯಾಗಿದೆ. ಮಿಷನ್ನೇ ಕೆಟ್ಟಿದೆ. ನಮ್ಮಂಥ ಗಟ್ಟಿಮುಟ್ಟಾದೋರನ್ನ ಟೆಸ್ಟ್ ಮಾಡಿ ನೋಡಿ, ಗೊತ್ತಾಗತ್ತೆ."

"ಚುಚ್ಚೋ ಪೆನ್ನು ನನ್ನದು, ಯಾರಿಗೂ ಕೊಡಲ್ಲ," ಎಂದಳು ಮಗಳು. "ಬಿಡಿ ಸೂಜಿ ಇದೆ, ತಗೊಳ್ಳಿ. ಒಬ್ಬರದು ಇನ್ನೊಬ್ಬರು ಮುಟ್ಟಬಾರದು. ಮತ್ತೆ ಮೊದಲು ಕೈ ಕ್ಲೀನ್ ಮಾಡ್ಕೊಳ್ಳಿ."

ಅಟೆಂಡರ್ ವಿನಯದಿಂದ ಸ್ಪಂಜಿನಲ್ಲಿ ಬೆರಳು ತಿಕ್ಕಿಕೊಂಡ. ಮುನ್ನೂರ ತೊಂಬತ್ತೇಳು. ಅವನ ಮೀಸೆ ಇಳಿಯಿತು. ನಗುತ್ತಿದ್ದ ಟೈಪಿಸ್ಟ್ ಮೇಡಂ ಬೆರಳು ಕೊಟ್ಟರು. ನಾನೂರ ಹನ್ನೆರಡು. ಅವರು ಕುರ್ಚಿ ಹುಡುಕಿಕೊಂಡು ಕೂತರು. ಗುಮಾಸ್ತ ತಾನೂ ಚುಚ್ಚಿಕೊಂಡ. ನಾನೂರ ಐವತ್ತೈದು.

"ಮಿಷನ್ ಕೆಟ್ಟಿದೆ ಅಂತ ಈಗ ಗ್ಯಾರಂಟಿ ಆಯ್ತಲ್ಲ," ಎಂದ ಗುಮಾಸ್ತ.

"ಕೆಟ್ಟಿದ್ರೆ ಎಲ್ಲರಿಗೂ ಒಂದೇ ನಂಬರ್ ತೋರಿಸ್ಬೇಕಿತ್ತು," ಎಂದರು ಮೇಡಂ ಸಣ್ಣ ದನಿಯಲ್ಲಿ. "ಒಬ್ಬೊಬ್ಬರಿಗೆ ಒಂದೊಂದು ತೋರಿಸ್ತಿದೆ ಅಂದ್ರೆ ಅದು ಯೋಚನೆ ಮಾಡಿಯೇ ಹೇಳ್ತಿದೆ. ನನಗೆ ಒಂದು ತಿಂಗಳಿಂದ ಕಾಲು ಜೋಮು ಹಿಡೀತಿದೆ ಕಣ್ರೀ."

ಹಾಗೆನ್ನುತ್ತಿದ್ದಂತೆ ಅಟೆಂಡರಿಗೂ ಕಾಲು ಜೋಮು ಹಿಡಿಯಿತು. ಅದೇ ಹೊತ್ತಿಗೆ ಸಾಹೇಬರ ಕೋಣೆಯಿಂದ ಬಂದ ಹೆಡ್ ಕ್ಲರ್ಕ್, ಬೆಳಗಿನಿಂದ ಇನ್ನೂರು ಹಾಳೆ ತಿರುವಿದ್ದ ಬೆರಳನ್ನು ಮುಂದೆ ಚಾಚಿದರು. ಐನೂರ ಅರವತ್ತು! ಅವರು ಗೋಡೆಗೆ ಒರಗಿದರು. "ಇಪ್ಪತ್ತೆಂಟು ವರ್ಷ ಸರ್ವಿಸು. ಒಂದು ದಿನ ತಲೆನೋವು ಅಂತ ರಜೆ ಹಾಕಿದೋನಲ್ಲ. ಒಳಗೊಳಗೇ ಹೀಗಾಗಿದೆಯಲ್ಲಪ್ಪಾ!"

ಗದ್ದಲ ಕೇಳಿ ಸಾಹೇಬರೇ ಹೊರಗೆ ಬಂದರು. ವಿಷಯ ತಿಳಿದು, ಮೇಲಧಿಕಾರಿಗೆ ತಕ್ಕಂತೆ ಎರಡು ಸಲ ಸ್ಪಂಜು ಉಜ್ಜಿಕೊಂಡು ಬೆರಳು ಕೊಟ್ಟರು. ಮೇಲಧಿಕಾರಿಗೆ ತಕ್ಕಂತೆ ಐನೂರ ತೊಂಬತ್ತು ಬಂತು. ಸಾಹೇಬರು ನಿಂತಲ್ಲೇ ಟೈ ಸಡಿಲಿಸಿದರು.

"ಈ ಕೋಣೆ ಗಾಳಿಯಲ್ಲೇ ಏನೋ ಇದೆ. ತಪಾಸಣೆ ಮುಂದಕ್ಕೆ ಹಾಕಿ ಅಂತ ಈಗಲೇ ಬರೀರಿ. ಕಿಟಕಿ ತೆಗೀರಿ. ನನ್ನ ಹೆಂಡತಿಗೆ ಯಾರಾದ್ರೂ ನಿಧಾನವಾಗಿ ತಿಳಿಸಿ."

ಮೇಡಂ ಪತ್ರ ಬೆರಳಚ್ಚು ಮಾಡತೊಡಗಿದರು. ಅಟೆಂಡರ್ ತನ್ನ ಸೈಕಲ್ಲು ತಮ್ಮನಿಗೆ ಸೇರಬೇಕೆಂದು ಎಲ್ಲರೆದುರು ಹೇಳಿದ. ಗುಮಾಸ್ತ ಮತ್ತೆ ಮತ್ತೆ ಫೋನು ಒತ್ತುತ್ತ, ಮಗಳನ್ನು ಯಾವ ಆಸ್ಪತ್ರೆಗೆ ಒಯ್ಯಲಿ ಎಂದು ದಿಕ್ಕು ತೋಚದೆ ನಿಂತಿದ್ದ. ಮೃಗಾಲಯ ಅವನ ತಲೆಯಿಂದ ಹಾರಿಹೋಗಿತ್ತು. ಮಗು ಚೆನ್ನಾಗಿದ್ದರೆ ಸಾಕು.

"ಅಪ್ಪಾ," ಎಂದಳು ಮಗಳು. ಅವಳು ಮೇಜಿಗೆ ಗಲ್ಲ ಊರಿ ಬಟ್ಟಲನ್ನೇ ನೋಡುತ್ತಿದ್ದಳು. "ಸ್ಪಂಜಿಗೆ ಇರುವೆ ಯಾಕೆ ಬಂದಿವೆ?"

ಎಲ್ಲರೂ ಬಗ್ಗಿ ನೋಡಿದರು. ಕಪಾಟಿನ ಸಂದಿಯಿಂದ ಹೊರಟ ಇರುವೆಗಳ ಸಾಲು ಮೇಜಿನ ಕಾಲು ಹತ್ತಿ, ಕಡತ ದಾಟಿ, ಬಟ್ಟಲಿನ ಅಂಚಿಗೆ ಬಂದು ನಿಂತಿತ್ತು. ಹೆಡ್ ಕ್ಲರ್ಕ್ ಕೆಮ್ಮಿದರು.

"ಅದು... ಬರೀ ನೀರು ಹಾಕಿದ್ರೆ ಹಾಳೆ ಜಾರತ್ತೆ. ಅದಕ್ಕೇ ನಾನು ದಿನಾ ಸ್ವಲ್ಪ ಸಕ್ಕರೆ ಪಾಕ... ನನ್ನದೇ ಸ್ವಂತ ಸಂಶೋಧನೆ. ಬೇರೆ ವಿಭಾಗದೋರು ಕದ್ದುಬಿಡ್ತಾರೆ ಅಂತ ಹೇಳಿರಲಿಲ್ಲ."

ಅಟೆಂಡರ್ ಮೂರು ಮಹಡಿಯನ್ನು ಮೂರೇ ಜಿಗಿತಕ್ಕೆ ಇಳಿದು ಅಂಗಡಿಯಿಂದ ಒಂದು ಬಕೆಟ್ ನೀರು ತಂದ. ಮಗಳು ಸೋಪು ಹಾಕಿ ಕೈ ತೊಳೆದು, ಒರೆಸಿ, ಬೆರಳು ಕೊಟ್ಟಳು. ನೂರ ಮೂವತ್ತೆರಡು! ಗುಮಾಸ್ತ ಅವಳನ್ನು ತಬ್ಬಿಕೊಂಡು ಸಾಹೇಬರೆದುರೇ ಅತ್ತುಬಿಟ್ಟ. ಆಮೇಲೆ ಸಾಹೇಬರು ಕೈ ತೊಳೆದರು, ತೊಂಬತ್ತೆಂಟು. ಹೆಡ್ ಕ್ಲರ್ಕ್ ನೂರ ಹತ್ತು. ಮೇಡಂ, ಅಟೆಂಡರ್ ಇಬ್ಬರೂ ಎಲ್ಲರಿಗಿಂತ ಚೆನ್ನಾಗಿದ್ದರು, ಜೋಮೂ ಇಳಿಯಿತು. ಗುಮಾಸ್ತನ ಸರದಿ ಬರುವಷ್ಟರಲ್ಲಿ ಡಬ್ಬಿಯಲ್ಲಿ ಮೂರೇ ಪಟ್ಟಿ ಉಳಿದಿದ್ದವು.

"ನಂದೇನು ಬೇರೆ ನೋಡೋದು, ಬಿಡಿ," ಎಂದು ಅವನು ಮಗಳಿಗೆ ಎಂದಿನಷ್ಟೇ ಇನ್ಸುಲಿನ್ ಕೊಟ್ಟು ಅವಳ ಊಟದ ಡಬ್ಬಿ ಬಿಚ್ಚಿದ. ಆಗ ಹೆಂಡತಿಯ ಫೋನು ಬಂತು.

"ಹತ್ತು ಸಲ ಮಾಡಿದ್ರಲ್ಲ, ಏನಾಯ್ತು?"

"ಏನಿಲ್ಲ. ನೂರ ಮೂವತ್ತೆರಡು ಅಂತ ಹೇಳೋಣ ಅಂತ," ಎಂದ ಗುಮಾಸ್ತ. ಉಳಿದದ್ದನ್ನು ನುಂಗಿಕೊಂಡ.

ಸಂಜೆ ಆರು ಗಂಟೆಗೆ ಮನೆಯಲ್ಲಿ ಹೆಂಡತಿ ಯಂತ್ರ ತೆಗೆದು ಹಳೆಯ ಅಂಕಿಗಳನ್ನು ಒಂದೊಂದಾಗಿ ಹಿಂದಕ್ಕೆ ಓಡಿಸಿದಳು. ಯಂತ್ರ ಎಲ್ಲವನ್ನೂ ನೆನಪಿಟ್ಟುಕೊಂಡಿರುತ್ತದೆಂದು ಗುಮಾಸ್ತನಿಗೆ ಗೊತ್ತೇ ಇರಲಿಲ್ಲ. ಅವಳ ಮುಖ ಬಿಳಿಚಿತು.

"ಐನೂರ ತೊಂಬತ್ತು ಯಾರದ್ರೀ?"

"ಸಾಹೇಬರದು."

"ನಾನೂರ ಐವತ್ತೈದು?"

"ಅದು ನಂದು. ಸ್ಪಂಜಲ್ಲಿ ಸಕ್ಕರೆ ಇತ್ತು ಕಣೇ!"

ಗುಮಾಸ್ತ ನಡೆದದ್ದನ್ನೆಲ್ಲ ಉಸಿರು ಬಿಡದೆ ಹೇಳಿದ. ಮಗಳು ಪ್ರತಿ ಮಾತಿಗೂ ತಲೆಯಾಡಿಸಿದಳು. ಹೆಂಡತಿ ನಗಲೋ ಬೇಡವೋ ಎಂದು ತಿಳಿಯದೆ ಕೊನೆಗೆ ಹೇಳಿದಳು. "ಸೋಪು ಬಿಟ್ಟು ಸ್ಪಂಜು ಹಿಡಿದ್ರಿ, ಅದು ತಪ್ಪು. ಆದ್ರೆ ಆ ಜಾಸ್ತಿ ಅಂಕಿ ನಂಬಿ ನನ್ನ ಕೇಳದೆ ಇನ್ಸುಲಿನ್ ಹಾಕಲಿಲ್ಲ, ಅದು ಸರಿ. ಕಥೆ ನಿಜ ಇದ್ರೆ ಪಾಸು. ನಿಜ ಅಂತ ನೋಡೋಣ, ಹೋಗಿ ಕೈ ತೊಳ್ಕೊಂಡು ಬನ್ನಿ. ಎರಡು ಸಲ ಸೋಪು."

ಗುಮಾಸ್ತ ಗೆದ್ದವನಂತೆ ನಡೆದ. ಮಗಳು ಪಕ್ಕದಲ್ಲೇ ನಿಂತು ಉಗುರಿನ ಸಂದಿಯನ್ನೂ ತಿಕ್ಕಿಸಿ, ಹೊಸ ಟವೆಲಿನಲ್ಲಿ ಒರೆಸಿದಳು. ಹೆಂಡತಿ ಚುಚ್ಚಿದಳು.

ಇನ್ನೂರ ಎಂಬತ್ತಾರು.

"ಆ ಪಾಕ ಭಾರೀ ಗಟ್ಟಿ," ಎಂದ ಗುಮಾಸ್ತ. ಮತ್ತೆ ತೊಳೆದ. ಬೆರಳ ತುದಿ ಸುಕ್ಕಾಗುವವರೆಗೂ ತೊಳೆದ. ಈ ಸಲ ಸ್ಪಂಜನ್ನು ಎಂದೂ ಮುಟ್ಟದ ಎಡಗೈಯ ಕಿರುಬೆರಳು ಕೊಟ್ಟ. ಇನ್ನೂರ ಎಂಬತ್ತೊಂಬತ್ತು.

ಮಗಳು ಅವನ ಸುಕ್ಕಾದ ಬೆರಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಹೆದರಬೇಡ ಅಪ್ಪಾ. ಪಕ್ಕದಲ್ಲಿ ಚುಚ್ಚಿದ್ರೆ ನೋವಾಗಲ್ಲ. ನಾನು ಹೇಳ್ಕೊಡ್ತೀನಿ."

ಹೆಂಡತಿ ಕಣ್ಣೊರೆಸಿಕೊಂಡು, ನಾಳೆ ಬೆಳಿಗ್ಗೆಗೇ ಡಾಕ್ಟರ ಬಳಿ ಹೆಸರು ಬರೆಸಿ, ಆಮೇಲೆ ಶಾಲೆಯ ಟೀಚರಿಗೆ ಫೋನು ಮಾಡಿದಳು. "ಹೂಂ ಟೀಚರ್, ನಾಳೆ ಡಾಕ್ಟರು ಒಪ್ಪಿದ್ರೆ ಶನಿವಾರ ನಮ್ಮನೆಯವರು ಬರ್ತಾರೆ. ಆದ್ರೆ ಒಂದು ವಿಷಯ. ಅವರಿಗೂ ಸಕ್ಕರೆ ಬಂದಿದೆ." ಅತ್ತ ಕಡೆಯ ಮಾತು ಕೇಳಿಸಿಕೊಂಡು ಫೋನು ಇಟ್ಟಳು.

"ಏನಂದ್ರು?" ಎಂದ ಗುಮಾಸ್ತ.

"ಸಕ್ಕರೆ ಇರೋರು ಬಸ್ಸಲ್ಲಿ ಮುಂದಿನ ಸೀಟಿನಲ್ಲಿ ಟೀಚರ್ ಪಕ್ಕಾನೇ ಕೂರಬೇಕಂತೆ. ಇಳಿದ ಮೇಲೂ ಟೀಚರ್ ಕೈ ಬಿಡೋ ಹಾಗಿಲ್ಲವಂತೆ. ಆದ್ರೆ ಅಲ್ಲಿ ಜಾಗ ಇರೋದು ಒಬ್ಬರಿಗೇ."

ಮಗಳ ಕಣ್ಣು ಅರಳಿದವು. "ಹಾಗಾದ್ರೆ ಮುಂದೆ ಅಪ್ಪ ಕೂರ್ತಾನೆ," ಎಂದು ಕುಣಿದಳು. "ನಾನು ಹಿಂದುಗಡೆ ನನ್ನ ಫ್ರೆಂಡ್ಸ್ ಜೊತೆ!"